ಗೊತ್ತಿದ್ದವರು ಸುಮ್ಮನಿರಬಾರದು



ನವೆಂಬರ್ 14 ಮಕ್ಕಳ ದಿನಾಚರಣೆ ಎಂಬುದು ಶಾಲೆಗೆ ಹೋಗುವ ಪ್ರತಿ ಮಗುವಿಗೂ ಗೊತ್ತು. ಅಂದು ವೇಷಭೂಷಣ, ಭಾಷಣ ಸ್ಪರ್ಧೆ, ಕೊನೆಗೆ ಸಿಹಿ ಹಂಚಿಕೆ. 2012ರಲ್ಲಿ ಅದೇ ದಿನ ನಮ್ಮ ದೇಶದಲ್ಲಿ ಒಂದು ಕಾಯ್ದೆಯೂ ಜಾರಿಗೆ ಬಂತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ ಅದು. ದಿನಬೆಳಗಾದರೆ ಪತ್ರಿಕೆಯಲ್ಲಿ ನೀವು ಓದುವ ಪೋಕ್ಸೋ ಇದೇ. ಹದಿನೆಂಟು ತುಂಬದವರೆಲ್ಲ, ಹೆಣ್ಣಾಗಲಿ ಗಂಡಾಗಲಿ, ಇದರ ರಕ್ಷಣೆಗೆ ಬರುತ್ತಾರೆ.

ಅಪರಾಧಿಗೆ ಎಷ್ಟು ವರ್ಷ ಜೈಲು ಎಂಬುದು ಜನರಿಗೆ ಸುಮಾರಾಗಿ ಗೊತ್ತಿದೆ. ಅದೇ ಕಾಯ್ದೆ ನಮ್ಮ ನಿಮ್ಮ ಹೆಗಲ ಮೇಲೂ ಒಂದು ಹೊಣೆ ಇಟ್ಟಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದರ 19ನೇ ಕಲಂ ಹೇಳುವುದಿಷ್ಟು: ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು, ನಡೆದೀತೆಂಬ ಆತಂಕ ಇರುವವರು, ಯಾರೇ ಆಗಿರಲಿ, ಪೊಲೀಸರಿಗೆ ತಿಳಿಸಲೇಬೇಕು. ದೊಡ್ಡವರು ತಿಳಿಸದೆ ಹೋದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಒಂದು ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಅಕ್ಕಪಕ್ಕದವರು, ಆಟೋ ಓಡಿಸುವವರು, ಟ್ಯೂಷನ್ ಹೇಳಿಕೊಡುವವರು, ಹಾಸ್ಟೆಲ್ಲಿನ ಅಡುಗೆಯವರು, ಚಿಕ್ಕಮ್ಮ, ದೊಡ್ಡಪ್ಪ, ಯಾರನ್ನೂ ಕಾಯ್ದೆ ಬಿಟ್ಟಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದೂ ಇದನ್ನೇ. ಮಗುವನ್ನು ಕಾಪಾಡುವ ಕೆಲಸ ಗೊತ್ತಿದ್ದವರದು. ಮಗುವಿನ ತಲೆಗೇ ಅದನ್ನು ಕಟ್ಟುವುದನ್ನು ನಾವು ಮೊದಲು ಬಿಡಬೇಕು.

ಯಾಕೆ ಹೀಗೆ ಹೇಳುತ್ತೇನೆಂದರೆ, ಈಚಿನ ವರ್ಷಗಳಲ್ಲಿ ಮಕ್ಕಳ ಸುರಕ್ಷತೆ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಗುಡ್ ಟಚ್, ಬ್ಯಾಡ್ ಟಚ್. ಶಾಲೆಯಲ್ಲಿ ಒಂದು ತಾಸು ಪಾಠ, ಗೋಡೆಯ ಮೇಲೊಂದು ಚಿತ್ರ, ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು. ಆ ಪಾಠ ಬೇಕು, ಬೇಡವೆನ್ನುತ್ತಿಲ್ಲ. ಆದರೆ ಒಂದನೇ ತರಗತಿಯ ಮಗು, ತನ್ನ ಮೂರರಷ್ಟು ಎತ್ತರದ, ಮನೆಯವರೆಲ್ಲ ಗೌರವಿಸುವ ಒಬ್ಬ ಮನುಷ್ಯನ ಮುಂದೆ ನಿಂತು "ಬೇಡ" ಎಂದು ಕೂಗಿ, ಓಡಿಹೋಗಿ, ನಂಬಿಕಸ್ಥರನ್ನು ಹುಡುಕಿ, ನಡೆದದ್ದನ್ನು ವಿವರವಾಗಿ ಹೇಳಬೇಕೆಂದು ನಿರೀಕ್ಷಿಸುವುದು ನ್ಯಾಯವೇ? ಬಲವಿಲ್ಲದ ಕೂಸಿಗೆ ಕಾವಲು ಒಪ್ಪಿಸಿ ಬಲವಿದ್ದವರು ಮಲಗಿದ ಹಾಗಾಗುತ್ತದೆ. ಮಗು ಹೇಳಲಿಲ್ಲವೆಂದರೆ ಅದು ಮಗುವಿನ ತಪ್ಪಲ್ಲ. ಹೇಳಿದಾಗ ನಾವು ಕೇಳಿಸಿಕೊಂಡೆವೇ ಎಂಬುದನ್ನು ನೋಡಬೇಕು.

ಮಕ್ಕಳು ಹೇಳುತ್ತಾರೆ. ಅವರು ಹೇಳುವ ರೀತಿ ನಮ್ಮ ಕಿವಿಗೆ ಬೀಳುವುದಿಲ್ಲ ಅಷ್ಟೆ. "ನಾನು ಆ ಮನೆಗೆ ಹೋಗಲ್ಲ" ಎನ್ನುತ್ತದೆ ಮಗು. "ಆ ಮಾಮ ಸರಿ ಇಲ್ಲ" ಎನ್ನುತ್ತದೆ. ಟ್ಯೂಷನ್ ಇರುವ ದಿನ ಮಾತ್ರ ಹೊಟ್ಟೆನೋವು ಬರುತ್ತದೆ. ಹಾಸಿಗೆ ಒದ್ದೆ ಮಾಡುವುದು ಎಂದೋ ನಿಂತಿದ್ದ ಮಗು ಮತ್ತೆ ಶುರುಮಾಡುತ್ತದೆ. ಚೂಟಿಯಾಗಿದ್ದವಳು ತರಗತಿಯಲ್ಲಿ ಮಂಕಾಗಿ ಕೂರುತ್ತಾಳೆ. ಇಂಥ ಬದಲಾವಣೆಗೆ ಬೇರೆ ಕಾರಣಗಳೂ ಇರಬಹುದು, ಪ್ರತಿಯೊಂದನ್ನೂ ಅನುಮಾನದಿಂದ ನೋಡಿ ಎನ್ನುತ್ತಿಲ್ಲ. ಕಾರಣವೇನೆಂದು ಪಕ್ಕದಲ್ಲಿ ಕೂತು ಕೇಳಿ ಎನ್ನುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಯಾವುದು ಗೊತ್ತೇ? "ಛೀ, ದೊಡ್ಡವರ ಬಗ್ಗೆ ಹಾಗೆಲ್ಲ ಮಾತಾಡಬಾರದು. ಅವರು ನಿನ್ನನ್ನು ಎಷ್ಟು ಮುದ್ದು ಮಾಡ್ತಾರೆ!" ಆ ಬಾಗಿಲು ಅಲ್ಲಿಗೆ ಮುಚ್ಚಿತು. ಆ ಮಗು ಇನ್ನು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ.

ಅಪರಿಚಿತರ ಬಗ್ಗೆ ನಾವು ಮಕ್ಕಳಿಗೆ ಬೇಕಾದಷ್ಟು ಹೆದರಿಕೆ ಹುಟ್ಟಿಸಿದ್ದೇವೆ. ಚಾಕೊಲೇಟ್ ಕೊಟ್ಟರೆ ತಗೋಬೇಡ, ಕರೆದರೆ ಹೋಗಬೇಡ. ಪೊಲೀಸ್ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರ್ಷವರ್ಷ ಪ್ರಕಟಿಸುವ ಅಂಕಿಅಂಶದಲ್ಲಿ, ಮಕ್ಕಳ ಮೇಲಿನ ಅತ್ಯಾಚಾರದ ನೂರು ಪ್ರಕರಣಗಳಲ್ಲಿ ತೊಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ದೊಡ್ಡ ಅಧ್ಯಯನ ಹೊರತಂದಿತು. 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿದ ಅಧ್ಯಯನ ಅದು. ನಮ್ಮ ರಾಜ್ಯ ಅದರಲ್ಲಿ ಇರಲಿಲ್ಲ, ನೆರೆಯ ಆಂಧ್ರ, ಕೇರಳ, ಮಹಾರಾಷ್ಟ್ರ, ಗೋವಾ ಇದ್ದವು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ಬಹುಪಾಲು ಮಕ್ಕಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಗಂಡುಹುಡುಗ, ಅವನಿಗೇನಾಗುತ್ತೆ ಎನ್ನುವ ತಂದೆತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮೂವರಲ್ಲಿ ಇಬ್ಬರು ಮಕ್ಕಳು ಏಟು ತಿಂದವರು. ಮನೆಯಲ್ಲಿ ಏಟು ತಿಂದವರ ಪೈಕಿ ಬಹುತೇಕರನ್ನು ಹೊಡೆದವರು ಹೆತ್ತವರೇ. ಹೊಡೆತಕ್ಕೂ ಲೈಂಗಿಕ ದೌರ್ಜನ್ಯಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಬಹಳ ಹತ್ತಿರದ ಸಂಬಂಧವಿದೆ. ಲೋಟ ಒಡೆದದ್ದಕ್ಕೆ ಬೆನ್ನಿಗೆ ಬಾರಿಸುವ ಅಪ್ಪನ ಹತ್ತಿರ, ಮಾರ್ಕ್ಸ್ ಕಡಿಮೆ ಬಂದದ್ದಕ್ಕೆ ಕೋಣೆಯಲ್ಲಿ ಕೂಡಿಹಾಕುವ ಅಮ್ಮನ ಹತ್ತಿರ ಮಗು ಇಂಥ ಮಾತನ್ನು ಹೇಗೆ ತಂದೀತು? ತಪ್ಪು ತನ್ನದೇ ಎಂದು ಅದು ಮೊದಲೇ ತೀರ್ಮಾನಿಸಿರುತ್ತದೆ. ದುರುಳನಿಗೂ ಇದು ಗೊತ್ತು. "ನಿಮ್ಮಪ್ಪಂಗೆ ಹೇಳ್ತೀನಿ ನೋಡು" ಎಂದು ಅವನೇ ಮಗುವನ್ನು ಹೆದರಿಸುತ್ತಾನೆ. ದಂಡಂ ದಶಗುಣಂ ಎಂದು ನಂಬಿದ ಮನೆಯಲ್ಲಿ ಆ ಬೆದರಿಕೆ ಚೆನ್ನಾಗಿ ಫಲ ಕೊಡುತ್ತದೆ. ಶಾಲೆಗಳಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಮಾತ್ರವಲ್ಲ, ಬಿಸಿಲಲ್ಲಿ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ಎಲ್ಲರೆದುರು ಜಾತಿಯನ್ನೋ ಮೈಬಣ್ಣವನ್ನೋ ಎತ್ತಿ ಹೀಯಾಳಿಸುವುದು, ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಹಾಗಿದ್ದೂ "ನಾಲ್ಕು ಬಿಗೀರಿ ಮೇಷ್ಟ್ರೇ, ನಮ್ಮದೇನೂ ಅಭ್ಯಂತರ ಇಲ್ಲ" ಎಂದು ಹೇಳಿಹೋಗುವ ತಂದೆಯರು ಈಗಲೂ ಇದ್ದಾರೆ. ಅಂಥವರಿಗೆ ನನ್ನ ಕಳಕಳಿಯ ವಿನಂತಿ: ಆ ಅನುಮತಿ ಕೊಡುವ ಹಕ್ಕು ನಿಮಗಿಲ್ಲ.

ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಈ ಕಾಯ್ದೆಗಳ ಬಗ್ಗೆ ತರಬೇತಿ ಕೊಡಲು ನಾನು ಆಗಾಗ ಜಿಲ್ಲೆಗಳಿಗೆ ಹೋಗುತ್ತಿರುತ್ತೇನೆ. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಬೆಳಗಿನ ಅವಧಿ ಮುಗಿದು ಚಹಾಕ್ಕೆ ಬಿಟ್ಟಾಗ ಒಬ್ಬ ಕಾರ್ಯಕರ್ತೆ ನನ್ನನ್ನು ಜಗಲಿಯ ಮೂಲೆಗೆ ಕರೆದರು. ಕೈಯಲ್ಲಿ ಚಹಾದ ಲೋಟ ಹಾಗೇ ಇತ್ತು, ಕುಡಿದಿರಲಿಲ್ಲ. "ಮೇಡಂ, ನೀವು ಹೇಳೂದೆಲ್ಲಾ ಖರೇ ಐತ್ರೀ. ಒಂದು ಕೂಸಿನ ವಿಚಾರ ನನಗೂ ಗೊತ್ತೈತಿ. ಆದ್ರ ನಾ ಫೋನ್ ಮಾಡಿದ್ರ ನಾಳೆ ಊರಾಗ ನಾ ಹ್ಯಾಂಗ ತಿರುಗಾಡ್ಲಿ?"

ಕಾಯ್ದೆಯನ್ನು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂತು ಬರೆದವರಿಗೆ ಈ ಪ್ರಶ್ನೆಯ ಭಾರ ಗೊತ್ತಾಗುವುದು ಕಷ್ಟ. ಆಕೆಗೆ ಅದೇ ಊರಿನ ನಲ್ಲಿಯಲ್ಲಿ ನೀರು ಹಿಡಿಯಬೇಕು. ಅದೇ ಓಣಿಯ ಮಕ್ಕಳು ಆಕೆಯ ಕೇಂದ್ರಕ್ಕೆ ಬರಬೇಕು. ಆರೋಪಿಯ ಕಡೆಯವರು ಪಂಚಾಯಿತಿಯಲ್ಲಿ ಇದ್ದರೆ ಕೇಳುವುದೇ ಬೇಡ. ಆಕೆಗೆ ಧೈರ್ಯವಿಲ್ಲವೆಂದು ನಾನು ಎಂದೂ ಹೇಳಲಾರೆ.

ನಾನು ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 1098 ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದು ಇವತ್ತು ದೇಶದ ತುಂಬ ಇದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ. 2023ರಿಂದ ಇದನ್ನು ಸರ್ಕಾರವೇ ನಡೆಸುತ್ತಿದ್ದು, 112 ತುರ್ತು ಸೇವೆಯೊಂದಿಗೆ ಜೋಡಿಸಲಾಗಿದೆ. ಕರೆ ಮಾಡಿದವರು ಹೆಸರು ಹೇಳಲೇಬೇಕೆಂದಿಲ್ಲ. ಇನ್ನು ಪೋಕ್ಸೋ ಕಾಯ್ದೆಯೇ, ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ದಾವೆಯೂ ನಿಲ್ಲದು ಎಂದು ಭರವಸೆ ಕೊಟ್ಟಿದೆ. ನೀವು ಸಾಕ್ಷ್ಯ ಕಲೆಹಾಕಬೇಕಿಲ್ಲ, ನಡೆದದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸಬೇಕಿಲ್ಲ. ಅದು ಪೊಲೀಸರ ಮತ್ತು ನ್ಯಾಯಾಲಯದ ಕೆಲಸ.

ಆಕೆಯ ಫೋನಿನಿಂದ ಬೇಡವೆಂದು ನನ್ನ ಫೋನಿನಿಂದಲೇ ಕರೆ ಮಾಡಿ ಆಕೆಯ ಕೈಗೆ ಕೊಟ್ಟೆ. ಆ ಕಡೆಯವರು ಕೇಳಿದ್ದು ನಾಲ್ಕಾರು ಪ್ರಶ್ನೆ. ಮಗುವಿನ ವಯಸ್ಸೆಷ್ಟು, ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಈ ಹೊತ್ತಿನಲ್ಲಿ ಮಗುವಿಗೆ ಅಪಾಯವಿದೆಯೇ. ಮಾತು ಮುಗಿಯುವಾಗ ಚಹಾ ಆರಿ ತಣ್ಣಗಾಗಿತ್ತು. ಮುಂದೆ ಏನಾಯಿತೆಂಬುದು ಆ ಮಗುವಿನ ಸ್ವಂತ ವಿಷಯ, ಅದನ್ನು ಇಲ್ಲಿ ಹೇಳುವುದು ಸರಿಯಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಂದು ಪ್ರಕರಣ ನೋಡಿ. ಶಾಲೆಯೊಂದರ ಹಾಸ್ಟೆಲ್ಲಿನಲ್ಲಿದ್ದ ಬುಡಕಟ್ಟು ಸಮುದಾಯದ ಬಾಲಕಿಯರ ಮೇಲೆ ದೌರ್ಜನ್ಯ ನಡೆದ ಆರೋಪ ಅದು. ಆ ಮಕ್ಕಳಿಗೆ ಚಿಕಿತ್ಸೆ ನೀಡಲು ನೇಮಕವಾಗಿದ್ದ ವೈದ್ಯರಿಗೆ ವಿಷಯ ತಿಳಿದಿದ್ದರೂ ಪೊಲೀಸರಿಗೆ ತಿಳಿಸಲಿಲ್ಲವೆಂದು ಅವರ ಮೇಲೂ ಮೊಕದ್ದಮೆ ಹೂಡಿದರು. ಹೈಕೋರ್ಟ್ ಅದನ್ನು ರದ್ದುಪಡಿಸಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಬಹಳ ಸಲ ಅದು ತಪ್ಪಿತಸ್ಥರನ್ನು ಉಳಿಸುವ ಪ್ರಯತ್ನವೇ ಆಗಿರುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. ಆ ವೈದ್ಯರು ತಪ್ಪಿತಸ್ಥರೇ ಅಲ್ಲವೇ ಎಂಬುದು ವಿಚಾರಣೆಗೆ ಬಿಟ್ಟದ್ದು. ನಾವು ತೆಗೆದುಕೊಳ್ಳಬೇಕಾದ್ದು ಇಷ್ಟೇ: "ನನ್ನ ಕೆಲಸ ಔಷಧಿ ಕೊಡುವುದು", "ನನ್ನ ಕೆಲಸ ಪಾಠ ಹೇಳುವುದು" ಎಂದು ಜಾರಿಕೊಳ್ಳಲು ಕಾನೂನಿನಲ್ಲಿ ದಾರಿಯಿಲ್ಲ.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ರೂಢಿಯಿದೆ, ರಾಜಿ ಪಂಚಾಯಿತಿ. ಎರಡೂ ಕಡೆಯ ಹಿರಿಯರು ಕೂತು, ಒಂದಿಷ್ಟು ದುಡ್ಡು ಕಟ್ಟಿಸಿ, ಕಾಲಿಗೆ ಬೀಳಿಸಿ, "ಆದದ್ದಾಯ್ತು, ಹುಡುಗಿಯ ಮುಂದಿನ ಜೀವನ ನೋಡಿ" ಎಂದು ಮುಗಿಸಿಬಿಡುತ್ತಾರೆ. ಆ ಸಭೆಯಲ್ಲಿ ಮಗುವನ್ನು ಕೇಳಿದವರು ಯಾರೂ ಇರುವುದಿಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲೆ ದಾಖಲಾಗಿದ್ದ ಇಂಥದೇ ಪ್ರಕರಣದಲ್ಲಿ ಬಾಲಕಿಯ ತಂದೆ ರಾಜಿಯಾದರು. ಹೈಕೋರ್ಟ್ ರಾಜಿಯನ್ನು ಒಪ್ಪಿ ಮೊಕದ್ದಮೆ ಕೈಬಿಟ್ಟಿತು. ಆಗ ಪ್ರಕರಣಕ್ಕೆ ಕಕ್ಷಿದಾರರೇ ಅಲ್ಲದ ಹೊರಗಿನವರು ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 2024ರ ನವೆಂಬರ್‌ನಲ್ಲಿ ಬಂದ ತೀರ್ಪಿನಲ್ಲಿ, ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ವಿಷಯವಲ್ಲ, ರಾಜಿಯಿಂದ ಮುಗಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಮೊಕದ್ದಮೆಗೆ ಮರುಜೀವ ಬಂತು. ಆ ಹೊರಗಿನವರು "ಊರ ಉಸಾಬರಿ ನಮಗ್ಯಾಕೆ" ಎಂದಿದ್ದರೆ ಅದು ಅಲ್ಲೇ ಮುಗಿದುಹೋಗುತ್ತಿತ್ತು.

ಬಾಲ್ಯವಿವಾಹವನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಹದಿನೈದರ ಹುಡುಗಿಗೆ ತಾಳಿ ಕಟ್ಟುವುದು ಹಿಂಸೆಯೇ. ಕರ್ನಾಟಕ 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ ಎಂದು ಸಾರಿದ ರಾಜ್ಯ. ಒಂದು ಮದುವೆ ಇಬ್ಬರಿಂದ ಆಗುವುದಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವವರು, ಶಾಮಿಯಾನದವರು, ಅಡುಗೆಯವರು, ಛತ್ರದವರು, ಮಂತ್ರ ಹೇಳುವವರು, ಅಕ್ಷತೆ ಹಾಕಿ ಊಟ ಮಾಡಿ ಬರುವ ನಾವು, ಎಲ್ಲರೂ ಸೇರಿ ಆಗುವುದು. ಮದುವೆ ನಡೆಸಿದವರಿಗೂ ಅದಕ್ಕೆ ಒತ್ತಾಸೆ ಕೊಟ್ಟವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಭಾಗವಹಿಸುವುದೂ ಒತ್ತಾಸೆಯೇ ಎಂದು ಕಾಯ್ದೆ ಎಣಿಸುತ್ತದೆ. ಪತ್ರಿಕೆ ಅಚ್ಚಿಗೆ ಬಂದಾಗ ಹುಡುಗಿಯ ಶಾಲಾ ದಾಖಲೆ ಕೇಳುವ ಒಬ್ಬ ಮುದ್ರಕ ಒಂದು ಮದುವೆಯನ್ನೇ ನಿಲ್ಲಿಸಬಲ್ಲ.

ಮಗು ನಿಮ್ಮ ಹತ್ತಿರವೇ ಬಂದು ಹೇಳಿತೆನ್ನಿ. ಆ ಮೊದಲ ಕೆಲವು ನಿಮಿಷಗಳಲ್ಲಿ ನಮ್ಮ ಬಾಯಿಂದ ಬರುವ ಮಾತು ಬಹಳ ಮುಖ್ಯ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಬೇಡಿ. "ನೀನ್ಯಾಕೆ ಅಲ್ಲಿಗೆ ಹೋದೆ?" ಎಂದಂತೂ ಕೇಳಲೇಬೇಡಿ. "ಹೇಳಿದ್ದು ಒಳ್ಳೇದಾಯ್ತು ಕಂದ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ" ಎಂದರೆ ಸಾಕು. ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗುತ್ತದೆ. ಅಜ್ಜಿಗೊಮ್ಮೆ, ಮಾವನಿಗೊಮ್ಮೆ, ಹೆಡ್‌ಮಾಸ್ಟರಿಗೊಮ್ಮೆ ಎಂದು ಅದೇ ಕಥೆಯನ್ನು ಮಗುವಿನಿಂದ ಮತ್ತೆ ಮತ್ತೆ ಹೇಳಿಸಬೇಡಿ. ಘಟನೆ ಆಗತಾನೆ ನಡೆದಿದ್ದರೆ ಬಟ್ಟೆ ಒಗೆಯಬೇಡಿ. ನೇರವಾಗಿ ಆಸ್ಪತ್ರೆಗೆ ಹೋದರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೊದಲು ಪೊಲೀಸ್ ಚೀಟಿ ತನ್ನಿ ಎನ್ನುವಂತಿಲ್ಲ. ಚಿಕಿತ್ಸೆ ಉಚಿತವಾಗಿ ಕೊಡಬೇಕು.

ಪೊಲೀಸ್ ಠಾಣೆ ಎಂದರೆ ನಮ್ಮ ಜನಕ್ಕೆ ಅರ್ಧ ಜೀವ ಹೋಗುತ್ತದೆ. ಆದರೆ ಮಗುವನ್ನು ಠಾಣೆಗೆ ಕರೆಸಲೇಬೇಕೆಂದಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ ಬರೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಬರಬೇಕು, ಅದೂ ಸಮವಸ್ತ್ರವಿಲ್ಲದೆ. ಮಗುವಿಗೆ ನಂಬಿಕೆಯಿರುವ ದೊಡ್ಡವರು ಪಕ್ಕದಲ್ಲಿರಬೇಕು. ರಾತ್ರಿ ಯಾವ ಕಾರಣಕ್ಕೂ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ಮುಟ್ಟಬೇಕು. ಕೋರ್ಟಿನಲ್ಲಿ ಮಗು ಆರೋಪಿಯ ಮುಖ ನೋಡುವಂತಾಗಬಾರದು. ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಿಸಬೇಕು. ಸಾಧ್ಯವಾದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದೂ ಕಾಯ್ದೆಯಲ್ಲಿದೆ. ಎಲ್ಲ ಕಡೆ ಹೀಗೇ ನಡೆಯುತ್ತಿದೆ ಎಂದು ನಾನು ಹೇಳುವುದಿಲ್ಲ. ವರ್ಷ ದಾಟಿದ ಪ್ರಕರಣಗಳು ಬೇಕಾದಷ್ಟಿವೆ. ನಮಗೇನು ಸಲ್ಲಬೇಕೆಂದು ಗೊತ್ತಿದ್ದರೆ ಕೇಳಿ ಪಡೆಯಬಹುದು, ಆ ಕಾರಣಕ್ಕೇ ಇದನ್ನೆಲ್ಲ ಹೇಳಿದೆ.

ದೂರು ಕೊಟ್ಟ ಮೇಲೂ ಮಗು ಅದೇ ಬೀದಿಯಲ್ಲಿ ಬದುಕಬೇಕು. ನನಗೆ ಅತಿ ಹೆಚ್ಚು ಸಂಕಟವಾಗುವುದು ಈ ವಿಷಯದಲ್ಲಿ. "ಶಾಲೆಯ ಹೆಸರು ಕೆಡುತ್ತೆ, ಟೀಸಿ ತಗೊಂಡು ಹೋಗಿ" ಎನ್ನುವವರಿದ್ದಾರೆ. ತಮ್ಮ ಮಕ್ಕಳಿಗೆ "ಅವಳ ಜೊತೆ ಆಡಬೇಡ" ಎನ್ನುವ ತಾಯಂದಿರಿದ್ದಾರೆ. ಅಪರಾಧ ಮಾಡಿದವನು ಜಾಮೀನಿನ ಮೇಲೆ ಬಂದು ಚಹಾದಂಗಡಿಯಲ್ಲಿ ಕೂರುತ್ತಾನೆ, ಮಗು ಮನೆಯೊಳಗೆ ಮುದುಡಿಕೊಳ್ಳುತ್ತದೆ. ಈ ಅನ್ಯಾಯ ಮಾಡುತ್ತಿರುವುದು ಊರು, ಎಂದರೆ ನಾವೇ. ಆ ಮಗುವನ್ನು ಎಂದಿನಂತೆ ಹೆಸರು ಹಿಡಿದು ಕರೆಯುವ ಟೀಚರ್, ಎಂದಿನಂತೆ ಆಟಕ್ಕೆ ಕರೆಯಲು ಬರುವ ಗೆಳತಿ, ಕೋರ್ಟಿನ ದಿನ ಅಪ್ಪನ ಜೊತೆ ಬಸ್ಸು ಹತ್ತುವ ಪಕ್ಕದ ಮನೆಯವರು, ಇವರು ಮಾಡುವ ಉಪಕಾರವನ್ನು ಯಾವ ಇಲಾಖೆಯೂ ಮಾಡಲಾರದು.

ಮೊಬೈಲಿನ ಬಗ್ಗೆಯೂ ಒಂದು ಮಾತು. "ಈ ಪಾಪಿ ಸಿಗುವವರೆಗೂ ಶೇರ್ ಮಾಡಿ" ಎಂದು ಮಗುವಿನ ವಿಡಿಯೊ ವಾಟ್ಸಾಪಿನಲ್ಲಿ ಬರುತ್ತದೆ. ಸಿಟ್ಟಿನಿಂದ, ಕನಿಕರದಿಂದಲೇ ಜನ ಅದನ್ನು ಮುಂದಕ್ಕೆ ಕಳಿಸುತ್ತಾರೆ. ದಯವಿಟ್ಟು ಕಳಿಸಬೇಡಿ. ಹೆಸರು, ಫೋಟೊ, ಮನೆ, ಶಾಲೆ, ಓಣಿ, ಮಗುವಿನ ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಮಕ್ಕಳ ಅಶ್ಲೀಲ ದೃಶ್ಯಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವುದೂ ಅಪರಾಧವಾಗುತ್ತದೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಡಿದ್ದನ್ನು ಪೊಲೀಸರಿಗೆ ತಿಳಿಸಿ, ಗುಂಪಿಗೆ ಹಾಕಬೇಡಿ.

ಅಪರಾಧ ನಡೆದ ಮೇಲಿನ ಮಾತು ಇದಾಯಿತು. ನಡೆಯದಂತೆ ತಡೆಯಲು ನಮ್ಮ ರಾಜ್ಯದಲ್ಲಿ ಒಂದು ಒಳ್ಳೆಯ ವ್ಯವಸ್ಥೆಯಿದೆ, ಮಕ್ಕಳ ಗ್ರಾಮಸಭೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯವರು ಮಕ್ಕಳೆದುರು ಕೂತು ಅವರ ಅಹವಾಲು ಕೇಳಬೇಕು. ಅದು ಬರೀ ಹಾಡು, ಸ್ವಾಗತ, ಹಾರ ತುರಾಯಿಯಲ್ಲಿ ಮುಗಿದುಹೋಗುವ ಊರುಗಳಿವೆ. ಮಕ್ಕಳಿಗೆ ಮೈಕು ಕೊಟ್ಟ ಊರುಗಳಲ್ಲಿ ಅವರು ಏನು ಹೇಳುತ್ತಾರೆ ಕೇಳಿ. ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ. ದಾರಿಯಲ್ಲಿ ಸಾರಾಯಿ ಕುಡಿದವರು ಕೂತಿರುತ್ತಾರೆ. ಸಂಜೆ ಬಸ್ಸು ತಪ್ಪಿದರೆ ಕತ್ತಲಲ್ಲಿ ನಡೆಯಬೇಕು, ಬೀದಿದೀಪ ಉರಿಯುವುದಿಲ್ಲ. ಲೈಂಗಿಕ ದೌರ್ಜನ್ಯ ಎಂಬ ದೊಡ್ಡ ಪದವನ್ನು ಅವರು ಬಳಸುವುದಿಲ್ಲ. ಅಪಾಯ ಎಲ್ಲಿದೆ ಎಂದು ಮಾತ್ರ ಕರಾರುವಾಕ್ಕಾಗಿ ತೋರಿಸುತ್ತಾರೆ. ಒಂದು ಚಿಲಕಕ್ಕೆ, ಒಂದು ಬಲ್ಬಿಗೆ ಪಂಚಾಯಿತಿಯಲ್ಲಿ ದುಡ್ಡಿಲ್ಲವೆಂದರೆ ನಾನು ನಂಬುವುದಿಲ್ಲ.

ಕೇಳುಗರೇ, ನನ್ನ ಕೋರಿಕೆ ಎರಡು. ನಿಮ್ಮ ಊರಿನ ಮಕ್ಕಳ ಗ್ರಾಮಸಭೆ ಈ ವರ್ಷ ಯಾವಾಗ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಓ ಅವರನ್ನು ಕೇಳಿ, ಆ ದಿನ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಮಕ್ಕಳ ಮಾತು ಕೇಳಿ. 1098 ಎಂಬ ಸಂಖ್ಯೆಯನ್ನು ಶಾಲೆಯ ಗೋಡೆ, ಅಂಗನವಾಡಿ, ಹಾಲಿನ ಡೈರಿ, ಬಸ್ ನಿಲ್ದಾಣದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ಯಾವುದಾದರೂ ಮಗುವಿನ ವಿಚಾರ ನಿಮ್ಮ ಮನಸ್ಸಿನಲ್ಲಿ ಈಗಾಗಲೇ ಕೊರೆಯುತ್ತಿದ್ದರೆ, ಈ ಕಾರ್ಯಕ್ರಮ ಮುಗಿದ ಕೂಡಲೇ ಆ ಸಂಖ್ಯೆಗೆ ಕರೆ ಮಾಡಿ. ನಾಳೆಗೆ ಇಡಬೇಡಿ.